ಮಾವ ಜನರೇಟರ್ ನೋಡಲು ಹೋದದ್ದು

ನಮ್ಮ ಮಾವ ಹೋಗದ ಮದುವೆಯಿಲ್ಲ. ಮೂಡಿಗೆರೆ, ಕಳಸ, ಚಿಕ್ಕಮಗಳೂರು, ಎಲ್ಲಿಂದಲೇ ಕಾಗದ ಬರಲಿ, ಇಸ್ತ್ರಿ ಮಾಡಿದ ಪಂಚೆಯುಟ್ಟು ಜೀಪು ಹತ್ತಿದರೇ ಸೈ. ಆದರೆ ಎಂಬತ್ತರ ದಶಕದ ಆ ಮೂರು ವರ್ಷಗಳಲ್ಲಿ ಅವರು ಒಬ್ಬಳೇ ಒಬ್ಬ ಮದುಮಗಳ ಮುಖ ನೋಡಿದ್ದರೆ ಕೇಳಿ! ಛತ್ರದ ಮುಂಬಾಗಿಲಲ್ಲಿ ಪನ್ನೀರು ಚಿಮುಕಿಸಿಕೊಂಡವರು ಸೀದಾ ಹಿಂಬಾಗಿಲಿನಿಂದ ಹೊರಬಿದ್ದು, ಅಡುಗೆಯವರ ಒಲೆಗಳನ್ನು ದಾಟಿ, ಎಂಜಲೆಲೆ ಎಸೆಯುವ ಗುಂಡಿಯ ಪಕ್ಕ ಗುಡುಗುಡು ಎನ್ನುತ್ತಿರುವ ಜನರೇಟರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತುಬಿಡುತ್ತಿದ್ದರು. ಊಟದ ಪಂಕ್ತಿಯಲ್ಲಿ ಯಾರಾದರೂ "ಹೇಗುಂಟು ಹುಡುಗಿ?" ಎಂದು ಕೇಳಿದರೆ, "ಅಡ್ಡಿಯಿಲ್ಲ ಮಾರಾಯ, ಸ್ವಲ್ಪ ಹೊಗೆ ಜಾಸ್ತಿ" ಎನ್ನುತ್ತಿದ್ದರು.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಬಾಳೂರಿನ ಹತ್ತಿರ ಅವರದೊಂದು ಸಣ್ಣ ಕಾಫಿ ತೋಟ. ನಾನು ಅಲ್ಲಿನ ಶಾಲೆಗೆ ಟೀಚರಾಗಿ ಹೋದಾಗ ಅವರ ಮನೆಯಲ್ಲೇ ಉಳಿದುಕೊಂಡೆ. ಹೋದ ಮೊದಲ ವಾರವೇ ಗೊತ್ತಾಯಿತು, ಮಾವನಿಗೆ ಉಸಿರಾಟಕ್ಕಿಂತ ಮಾತು ಮುಖ್ಯ ಎಂದು. ಕಣದಲ್ಲಿ ಒಣಗುವ ಕಾಫಿಯ ಜತೆ ಮಾತು, ನಾಯಿಯ ಜತೆ ಮಾತು, ಏರು ಹತ್ತಲಾರದ ಜೀಪಿನ ಜತೆಯಂತೂ ಬಹಳ ಆತ್ಮೀಯವಾದ ಮಾತು. ಆದರೆ ಹಗಲಿನದೆಲ್ಲ ಬರೀ ತಾಲೀಮು. ನಿಜವಾದ ಪ್ರದರ್ಶನ ಸಂಜೆ ಏಳಕ್ಕೆ, ಊಟದ ಮೇಜಿನಲ್ಲಿ, ಅತ್ತೆಯ ಎದುರು.

ಅತ್ತೆಗೆ ಕಿವಿ ಕೇಳುವುದಿಲ್ಲ. ಮದುವೆಯಾದ ಎರಡನೇ ವರ್ಷ ಬಂದ ಜ್ವರವೊಂದು ಎರಡೂ ಕಿವಿಯನ್ನು ಪೂರ್ತಿ ತೆಗೆದುಕೊಂಡು ಹೋಗಿತ್ತು. ಅತ್ತೆ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತರು. ಯಾರು ಕಲಿಸಿದರು? ಇನ್ಯಾರು, ಮಾವನ ಬಾಯಿ! ಇಪ್ಪತ್ತು ವರ್ಷ ಬಿಡುವಿಲ್ಲದೆ ಓಡಿದ ಆ ಬಾಯಿಯ ಎದುರು ಕೂತರೆ ಯಾರಿಗೆ ತಾನೇ ವಿದ್ಯೆ ಹತ್ತುವುದಿಲ್ಲ? ತಮ್ಮ ದನಿ ತಮಗೇ ಕೇಳದ್ದರಿಂದ ಅತ್ತೆ ಮಾತಾಡಿದರೆ ಆಚೆ ಗುಡ್ಡಕ್ಕೂ ಕೇಳುತ್ತಿತ್ತು. ಮದುವೆ ಮುಂಜಿಗಳಲ್ಲಿ ಬಂಧುಗಳು ತುಟಿಗೆ ಬೆರಳಿಟ್ಟು "ಮೆಲ್ಲಗೆ, ಮೆಲ್ಲಗೆ" ಎಂದು ಸನ್ನೆ ಮಾಡುತ್ತಿದ್ದರು. ಅತ್ತೆ ತಟ್ಟನೆ ಸುಮ್ಮನಾಗಿ ಸೆರಗು ಸರಿ ಮಾಡಿಕೊಂಡು ಕೂರುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಈಗ ನಮ್ಮೂರ ಕರೆಂಟಿನ ವಿಷಯ. ಎಲ್ಲೋ ಒಂದು ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ನಾಲ್ಕು ದಿನ ಕರೆಂಟಿಲ್ಲ. ಮರವೇ ಬಿದ್ದರೆ ದೇವರೇ ಗತಿ. ಕರೆಂಟು ಹೋದರೆ ನಮಗೆಲ್ಲ ಬೆಳಕು ಹೋಗುತ್ತಿತ್ತು, ಅತ್ತೆಗೆ ಮಾತೇ ಹೋಗುತ್ತಿತ್ತು. ಲಾಟೀನಿನ ಮಂಕು ಬೆಳಕಿನಲ್ಲಿ ಮಾವನ ತುಟಿ ಮೀಸೆಯ ನೆರಳಲ್ಲಿ ಮುಚ್ಚಿಹೋಗುತ್ತಿತ್ತು. ಮಾವ ಸುಮ್ಮನಿರುವ ಜನವೇ? ಲಾಟೀನನ್ನು ಮುಖದ ಹತ್ತಿರ ತಂದರು, ಗಾಜು ತೆಗೆದು ಇನ್ನೂ ಹತ್ತಿರ ತಂದರು, ಬಲಗಡೆಯ ಮೀಸೆ ಸುಟ್ಟಿತು. ಸಮ ಮಾಡಲು ಎಡಗಡೆಯದನ್ನು ಕತ್ತರಿಸಿದರು. ಗ್ಯಾಸ್‌ಲೈಟು ತಂದರು. ಕಥೆ ರೋಚಕ ಘಟ್ಟಕ್ಕೆ ಬಂದಾಗ ಮೇಜು ಗುದ್ದದೆ ಮಾವನಿಗೆ ಮಾತು ಮುಂದುವರಿಯುವುದಿಲ್ಲ, ಗುದ್ದಿದರೆ ಬೂದಿಯಂಥ ಅದರ ಮ್ಯಾಂಟಲ್ ಬತ್ತಿ ಉದುರದೆ ಇರುವುದಿಲ್ಲ! ಕೊನೆಗೆ ಟಾರ್ಚನ್ನು ಗಲ್ಲದ ಕೆಳಗೆ ಹಿಡಿದು ಮಾತಾಡತೊಡಗಿದರು. ಒಂದು ಸಂಜೆ ನಾಳೆಯ ಕೆಲಸ ಕೇಳಲು ಬಂದ, ತೋಟದ ಲೆಕ್ಕ ಬರೆಯುವ ರೈಟರು ಕಿಟಕಿಯಲ್ಲಿ ಇಣುಕಿದರು. ಒಳಗೆ ಕತ್ತಲಲ್ಲಿ ತೇಲುತ್ತ ಬಾಯಿ ಆಡಿಸುತ್ತಿರುವ ಒಂಟಿ ತಲೆ! ಮರುದಿನ ಮೇಸ್ತ್ರಿಯ ಕೈಯಲ್ಲಿ ರೈಟರ ಎರಡು ದಿನದ ರಜೆ ಚೀಟಿ ಬಂತು.

ಆದರೆ ಟಾರ್ಚಿನ ಸೆಲ್ಲಿಗೂ ಒಂದು ಆಯುಸ್ಸಿದೆಯಲ್ಲ. ಮಾವನ ಕಥೆ ಅದಕ್ಕಿಂತ ಉದ್ದ. ಬಲ್ಬು ಕೆಂಪಗಾಗುತ್ತಿದ್ದಂತೆ ಅತ್ತೆ, "ಸಾಕು ಬಿಡಿ, ನಾಳೆ ಹೇಳಿ" ಎಂದು ಎದ್ದು ಏಳೂವರೆಗೇ ಕಂಬಳಿ ಹೊದ್ದು ಮಲಗಿಬಿಡುತ್ತಿದ್ದರು. ಸತ್ತ ಟಾರ್ಚು ಹಿಡಿದುಕೊಂಡು ಕೂತ ಮಾವನನ್ನು ನೋಡಿ ನನಗೆ ನಗುವೂ ಬರುತ್ತಿತ್ತು, ಪಾಪ ಅಂತಲೂ ಅನಿಸುತ್ತಿತ್ತು. ಅಂಥದೇ ಒಂದು ಸಂಜೆ ಅವರು ಮೇಜು ಗುದ್ದಿ ಘೋಷಿಸಿದರು.

"ಕರೆಂಟ್ ಹೋಯ್ತು ಅಂತ ಇನ್ನು ಈ ಮನೇಲಿ ಮಾತು ನಿಲ್ಲಬಾರ್ದು! ಜನರೇಟರ್ ತರ್ತೇನೆ!"

"ತನ್ನಿ ಮಾವ."

"ತನ್ನಿ ಅಂದ್ರೆ ತರೋಕಾಗ್ತದ ಮಾರಾಯ್ತಿ? ನೋಡಿ ತರ್ಬೇಕು!"

ನೋಡಿದರು. ಮೂರು ವರ್ಷ ನೋಡಿದರು!

ಮೊದಲು ನೋಡಿದ್ದು ವಸ್ತಾರೆಯ ಪರಿಚಿತ ಪ್ಲಾಂಟರ್ ಒಬ್ಬರ ಮನೆಯಲ್ಲಿ. ಅವರು ಹೊಸದಾಗಿ ತಂದಿದ್ದ ಯಂತ್ರಕ್ಕೆ 'ಪೋರ್ಟಬಲ್' ಎಂದು ಹೆಸರು. ಮಾವನಿಗೆ ಆ ಪದದ ಮೇಲೆ ಭಯಂಕರ ಅನುಮಾನ. "ಎರಡು ಹಿಡಿಕೆ ಇಟ್ಟು ಆನೇನೂ ಪೋರ್ಟಬಲ್ ಅಂತಾರೆ ಇವ್ರು. ಒಬ್ಬನೇ ಎತ್ತಿದ್ರೆ ಮಾತ್ರ ಪೋರ್ಟಬಲ್!" ಎಂದು ಪಂಚೆ ಎತ್ತಿ ಕಟ್ಟಿ, ಯಂತ್ರವನ್ನು ತಬ್ಬಿ, ಎತ್ತಿಯೇಬಿಟ್ಟರು! ನಾನು ಚಪ್ಪಾಳೆ ತಟ್ಟಿದೆ. ತೊಂದರೆ ಏನೆಂದರೆ, ಮಾವ ಎತ್ತುವುದನ್ನು ಯೋಚಿಸಿದ್ದರೇ ಹೊರತು ಇಳಿಸುವುದನ್ನಲ್ಲ. ಬಗ್ಗಲು ಸೊಂಟ ಒಪ್ಪುತ್ತಿಲ್ಲ. ಅದನ್ನು ತಬ್ಬಿಕೊಂಡೇ ಕಣದ ಸುತ್ತ ಎರಡು ಸುತ್ತು ಹಾಕಿದರು. ಮನೆಯವರು ಮೆಚ್ಚಿಕೊಂಡು ಓಡಾಡುತ್ತಿದ್ದಾರೆ ಎಂದುಕೊಂಡು, "ಹೇಗುಂಟು?" ಎಂದು ಕೇಳುತ್ತಲೇ ಇದ್ದರು. ಮಾವ "ಚೆನ್ನಾಗುಂಟು, ಚೆನ್ನಾಗುಂಟು" ಎನ್ನುತ್ತ ಮೂರನೇ ಸುತ್ತಿನಲ್ಲಿ "ಯಾರಾದ್ರೂ ಹಿಡ್ಕೊಳ್ರೋ!" ಎಂದು ಕೂಗಿದರು.

ಆಮೇಲೆ ಮೂರು ದಿನ ಬೋರಲು ಮಲಗಿದರು. ಅತ್ತೆ ಬೆನ್ನಿಗೆ ಎಣ್ಣೆ ತಿಕ್ಕುತ್ತ ಬೈದರು. ಮಾವ ದಿಂಬಿನೊಳಗೆ ಮುಖವಿಟ್ಟು ಏನೇನೋ ಸಮಜಾಯಿಷಿ ಕೊಡುತ್ತಿದ್ದರು. ತುಟಿ ಕಾಣದ ಮೇಲೆ ಅತ್ತೆಗೆ ಅದೆಲ್ಲ ಎಲ್ಲಿ ತಲುಪಬೇಕು? ಆ ಮನೆಯಲ್ಲಿ ಅತ್ತೆ ಒಬ್ಬರೇ ಒಂದು ಗಂಟೆ ಮಾತಾಡಿದ್ದು ಅದೇ ಮೊದಲು.

ಎರಡನೇ ಪರೀಕ್ಷೆ ಸದ್ದಿನದು. "ಬೆಳಕು ಬಂದೂ ನನ್ನ ಮಾತೇ ಕೇಳ್ದಿದ್ರೆ ಏನು ಪ್ರಯೋಜನ?" ಎಂಬುದು ಮಾವನ ವಾದ. ನಾನೂ ಹೌದು ಹೌದು ಎಂದು ತಲೆಯಾಡಿಸಿದೆ. ಡಿಗ್ರಿ ಮಾಡಿದವಳು ನಾನು! ಮೂಡಿಗೆರೆಯಲ್ಲಿ ಜೀಪು, ಪಂಪ್‌ಸೆಟ್ಟು ರಿಪೇರಿ ಮಾಡುವ ಇಬ್ರಾಹಿಂ ಸಾಹೇಬರು ಹಳೆಯದೊಂದು ಯಂತ್ರವನ್ನು ಸಜ್ಜುಗೊಳಿಸಿ ಇಟ್ಟಿದ್ದರು. ಮಾವ ಅದರ ಪಕ್ಕ ನಿಂತು ಒಂದು ಕಥೆ ಹೇಳುವುದು, ನಾನು ಹತ್ತು ಮಾರು ದೂರ ನಿಂತು ಕೇಳಿ, ಮತ್ತೆ ಬಂದು ಒಪ್ಪಿಸುವುದು ಎಂದಾಯಿತು.

ಯಂತ್ರ ಶುರುವಾಯಿತು. ಮಾವನ ಬಾಯಿ ಆಡಿತು, ಕೈ ಆಡಿತು, ಪಕ್ಕದಲ್ಲಿದ್ದ ಜೀಪಿನ ಬಾನೆಟ್ಟಿಗೆ ಗುದ್ದೂ ಬಿತ್ತು. ನನಗೆ ಒಂದಕ್ಷರ ಕೇಳಿದ್ದರೆ ಆಣೆ! ಆದರೂ ಹೋಗಿ ಪಟಪಟನೆ ಒಪ್ಪಿಸಿದೆ. ಅತ್ತಿಗುಂಡಿ ರಸ್ತೆಯ ತಿರುವಿನಲ್ಲಿ ಜೀಪಿಗೆ ಅಡ್ಡ ನಿಂತ ಕಾಡುಕೋಣ, ಮಾವ ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದು, ಅರ್ಧ ಗಂಟೆಯ ಮೇಲೆ ಕೋಣ ತಲೆ ತಗ್ಗಿಸಿ ಹೋದದ್ದು. "ನೋಡಿ ಸಾಹೇಬ್ರೇ, ಒಂದು ಪದ ಬಿಟ್ಟಿಲ್ಲ! ಇದೇ ಬೇಕು ನಂಗೆ!" ಎಂದು ಮಾವ ಕುಣಿದರು.

ಸಾಹೇಬರು ಕೈಗೆ ಹತ್ತಿದ ಗ್ರೀಸು ಒರೆಸುತ್ತ ನನ್ನನ್ನೇ ನೋಡಿದರು. "ಟೀಚರಮ್ಮಾ, ಪಕ್ಕದಲ್ಲಿ ನಿಂತ ನಂಗೇ ಕೇಳಿಲ್ಲ. ನಿಮ್ಗೆ ಹೇಗೆ ಕೇಳ್ತು?"

ನಿಜ ಹೇಳಬೇಕಾಯಿತು. ಆ ಕೋಣದ ಕಥೆಯನ್ನು ನಾನು ಅಷ್ಟರಲ್ಲಿ ನಲವತ್ತು ಸಲ ಕೇಳಿದ್ದೆ. ಮಾವ ಬಾಳೂರು ಮುಟ್ಟುವ ತನಕ ನನ್ನ ಜತೆ ಮಾತು ಬಿಟ್ಟಿದ್ದರು, ಎಂದರೆ ಜೀಪಿನ ಜತೆ ಆಡಿದರು.

ಕೊನೆಗೆ ಬಂತು ಚಿಕ್ಕಮಗಳೂರಿನ ಮದುವೆ, ಅತ್ತೆಯ ತಂಗಿಯ ಮಗಳದು. ಊರಲ್ಲಿ ಕರೆಂಟಿರಲಿಲ್ಲ. ಛತ್ರದ ಹಿಂದೆ ಪುಟ್ಟದೊಂದು ಹೊಚ್ಚ ಹೊಸ ಜನರೇಟರ್! ಮಾವನ ಮುಖ ಅರಳಿತು. ಹಗ್ಗ ಎಷ್ಟು ಸಲ ಎಳೆದರೆ ಸ್ಟಾರ್ಟ್ ಆಗುತ್ತದೆ ಎಂದು ನೋಡಬೇಕಿತ್ತು. ಓಡುತ್ತಿರುವ ಯಂತ್ರ ಸ್ಟಾರ್ಟ್ ಆಗುವುದನ್ನು ನೋಡುವುದು ಹೇಗೆ? ನಿಲ್ಲಿಸಿದರೆ ತಾನೇ! "ಒಂದೇ ನಿಮಿಷ ಮಾರಾಯ" ಎಂದು ಕಾವಲಿಗಿದ್ದವನನ್ನು ಪುಸಲಾಯಿಸಿ ನಿಲ್ಲಿಸಿಯೇಬಿಟ್ಟರು.

ಒಳಗೆ ಪುರೋಹಿತರು ಆಗಷ್ಟೇ ಗಟ್ಟಿಮೇಳಕ್ಕೆ ಕೈಯೆತ್ತಿದ್ದರು. ದೀಪ ಹೋಯಿತು, ಮೈಕು ಹೋಯಿತು, ವಿಡಿಯೋದವನ ಲೈಟು ಹೋಯಿತು. ಮದುಮಗ ತಾಳಿ ಹಿಡಿದುಕೊಂಡು ಹಾಗೇ ನಿಂತ. ಹಿಂದುಗಡೆ ಒಂದು ಎಳೆತ, ಎರಡು, ಐದು, ಹತ್ತು! ಹದಿನಾಲ್ಕನೆಯದಕ್ಕೆ ದೀಪ ಬಂದದ್ದೇ ತಡ, ಮಾವ ಹಿಂಬಾಗಿಲಿನಿಂದ ಓಡಿಬಂದು ಮಂಟಪದ ಮುಂದೆ ನಿಂತು ನನಗೆ ಕೂಗಿ ಹೇಳಿದರು, "ಇದು ಬೇಡ! ಬೇಡವೇ ಬೇಡ!" ಹೆಣ್ಣಿನ ತಂದೆ ಎದೆ ಹಿಡಿದುಕೊಂಡು ಕುಸಿದು ಕೂತರು. ಮಾವ ತಿರಸ್ಕರಿಸಿದ್ದು ಜನರೇಟರನ್ನು, ಗಂಡನ್ನಲ್ಲ ಎಂದು ಎರಡೂ ಕಡೆಯವರಿಗೆ ತಿಳಿಸಿ ಹೇಳಲು ನನಗೆ ಸಾಕುಸಾಕಾಯಿತು.

ಆಗ ಎದ್ದರು ನಮ್ಮ ಅತ್ತೆ. ಇಡೀ ಛತ್ರಕ್ಕೆ ಕೇಳುವಂತೆ, "ನಾಳೆ ಅಂಗಡಿಗೆ ನಾನೂ ಬರ್ತೇನೆ! ದೀಪ ಬೇಕಾಗಿರೋದು ನಂಗೆ ತಾನೆ?" ಎಂದರು. ಆ ದಿನ ಮೆಲ್ಲಗೆ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಮರುದಿನ ಜನರೇಟರ್ ಅಂಗಡಿಯಲ್ಲಿ ಮಾವ ಎಂದಿನಂತೆ ತೂಕ, ಸದ್ದು, ಹಗ್ಗ ಎಂದು ಶುರುಮಾಡಿದರು. ಅತ್ತೆ ಅವರ ತೋಳು ಹಿಡಿದು ಗೋದಾಮಿನ ಕತ್ತಲೆ ಮೂಲೆಯಲ್ಲಿ ತೂಗುತ್ತಿದ್ದ ಬಲ್ಬಿನ ಕೆಳಗೆ ನಿಲ್ಲಿಸಿದರು.

"ಮಾತಾಡಿ."

"ಏನು ಮಾತಾಡ್ಲಿ?" ಎಂದರು ಮಾವ. ಜನ್ಮದಲ್ಲಿ ಮೊದಲ ಸಲ!

ಅಂಗಡಿಯವನು ಆ ಬಲ್ಬಿಗೆ ಒಂದೊಂದೇ ಯಂತ್ರದ ತಂತಿ ಸಿಕ್ಕಿಸಿ ಓಡಿಸಿದ. ಮೊದಲ ಯಂತ್ರಕ್ಕೆ ಬಲ್ಬು ನಡುಗಿತು. "ತುಟಿ ಅದುರಿದ ಹಾಗೆ ಕಾಣ್ತದೆ, ಬೇಡ" ಎಂದರು ಅತ್ತೆ. ಎರಡನೆಯದಕ್ಕೆ ಬೆಳಕು ಏರಿ ಇಳಿಯಿತು, ಅದೂ ಬೇಡ. ಮೂರನೆಯದಕ್ಕೆ ಬೆಳಕು ಕದಲಲಿಲ್ಲ. ಅತ್ತೆಯ ಮುಖ ಬೆಳಗಿತು. "ಇದೇ ಇರ್ಲಿ. ಹಲ್ಲಿನ ಸಂದಿ ಕೂಡ ಕಾಣ್ತದೆ!" ಒಟ್ಟು ಐದು ನಿಮಿಷ. ಆದರೆ ಅದರ ಆರ್ಭಟ ಕೇಳಬೇಕಿತ್ತು! ಎದುರು ಸಾಲಿನ ಅಂಗಡಿಯವರು ಏನಾಯಿತೆಂದು ಓಡಿಬಂದರು. ಮಾವ ಎರಡೂ ಕಿವಿ ಮುಚ್ಚಿಕೊಂಡು, "ಇದ್ರ ಸದ್ದು ಕೇಳಿದ್ಯಾ ಮಾರಾಯ್ತಿ?" ಎಂದರು.

ಅತ್ತೆ ನಕ್ಕರು. "ಇಲ್ವಲ್ಲ. ನಂಗೆಲ್ಲಿ ಕೇಳ್ತದೆ?"

ಅತ್ತೆಗಾಗಿ ತರುವ ಯಂತ್ರದ ಸದ್ದನ್ನು ಮೂರು ವರ್ಷ ನನ್ನ ಕಿವಿಯಲ್ಲಿ ಪರೀಕ್ಷೆ ಮಾಡಿದ್ದೆವು! ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಾರದೆ ಜೀಪು ಹತ್ತಿದೆವು.

ಹೊಗೆ ಮನೆಯೊಳಗೆ ಬಾರದಂತೆ ಇಬ್ರಾಹಿಂ ಸಾಹೇಬರು ಅದನ್ನು ಹಿತ್ತಲಿನ ತಗಡಿನ ಮಾಡಿನ ಕೆಳಗೆ ಕೂರಿಸಿ ತಂತಿ ಎಳೆದುಕೊಟ್ಟರು. ಇನ್ನು ಕರೆಂಟು ಹೋಗುವುದೊಂದೇ ಬಾಕಿ. ಹೋಗಬೇಕಲ್ಲ! ಎಂಟು ದಿನ ಒಂದು ಕ್ಷಣವೂ ಹೋಗಲಿಲ್ಲ. ಮಾವ ಲೈನ್‌ಮನ್ನನ್ನು ರಸ್ತೆಯಲ್ಲಿ ಅಡ್ಡಗಟ್ಟಿ, "ಏನಪ್ಪಾ, ಕೆಲಸ ಸರಿಯಾಗಿ ಮಾಡ್ತಿದ್ದೀಯೋ ಇಲ್ವೋ?" ಎಂದು ದಬಾಯಿಸಿದರು. ಅವನು ಪಾಪ, ಕಂಬ ಹತ್ತಿ ಇನ್ನೂ ಬಿಗಿ ಮಾಡಿ ಹೋದ.

ಒಂಬತ್ತನೇ ಸಂಜೆ, ರೈಟರೂ ಪಕ್ಕದ ತೋಟದ ಗಂಡಹೆಂಡತಿಯೂ ಊಟಕ್ಕೆ ಬಂದಿದ್ದಾಗ, ಫಟ್ಟೆಂದು ಹೋಯಿತು ಕರೆಂಟು! ನಾವೆಲ್ಲ ಹೋ ಎಂದು ಕೂಗಿದೆವು. ಮಾವ ಓಡಿದರು, ಹಗ್ಗ ಎಳೆದರು, ಮೊದಲ ಎಳೆತಕ್ಕೇ ಮನೆ ಝಗ್ಗೆಂದಿತು. ಜತೆಗೆ ಆ ಆರ್ಭಟ! ಪಾತ್ರೆಗಳು ನಡುಗಿದವು. ರೈಟರ ಬಾಯಿ ಆಡಿತು, ನನಗೆ ಕೇಳಲಿಲ್ಲ. ಪಕ್ಕದ ತೋಟದಮ್ಮ ಏನೋ ಕೇಳಿದರು, ಯಾರಿಗೂ ತಿಳಿಯಲಿಲ್ಲ. ಮಾವ ಬಂದು ಮೇಜಿಗೆ ಗುದ್ದಿ ಕಥೆ ಶುರುಮಾಡಿದರು. ನಾವು ನಾಲ್ಕೂ ಜನ ಒಬ್ಬರನ್ನೊಬ್ಬರು ಪಿಳಿಪಿಳಿ ನೋಡುತ್ತ ಕೂತೆವು.

ಅತ್ತೆ ಮಾತ್ರ ನಗುತ್ತಿದ್ದರು. ಸರಿಯಾದ ಜಾಗದಲ್ಲಿ, ಸರಿಯಾಗಿ ನಗುತ್ತಿದ್ದರು.

"ಏನಂತೆ?" ಎಂದು ರೈಟರು ಕೈ ಆಡಿಸಿ ಕೇಳಿದರು. ಆಗ ಅತ್ತೆ ತಮ್ಮ ಆ ದೊಡ್ಡ ದನಿಯಲ್ಲಿ ಮಾತಾಡಿದರು. ಆ ಆರ್ಭಟವನ್ನು ಸೀಳಿಕೊಂಡು ಎಲ್ಲರಿಗೂ ಕೇಳುವ ದನಿ ಆ ಮನೆಯಲ್ಲಿ ಅದೊಂದೇ ಇತ್ತು. "ಅತ್ತಿಗುಂಡೀಲಿ ಕಾಡುಕೋಣ ಅಡ್ಡ ಬಂತಂತೆ! ಸುಳ್ಳು! ನಾನೂ ಜೀಪಲ್ಲಿದ್ದೆ. ಎಮ್ಮೆ ಅದು! ಇವ್ರು ಹಿಂದಿನ ಸೀಟಿಗೆ ಹಾರಿ ಕೂತಿದ್ರು!" ಎಲ್ಲರಿಗಿಂತ ಹೆಚ್ಚು ನಕ್ಕವರು ಮಾವನೇ. ಆಮೇಲೆ ರೈಟರು ಹೇಳಿದ್ದನ್ನು ನಮಗೆ, ನಾವು ಹೇಳಿದ್ದನ್ನು ಪಕ್ಕದ ತೋಟದಮ್ಮನಿಗೆ, ಎಲ್ಲರ ಮಾತನ್ನೂ ಎಲ್ಲರಿಗೂ ಅತ್ತೆಯೇ ತಲುಪಿಸಿದರು. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದೆವು. ಇಪ್ಪತ್ತು ವರ್ಷ ಅವರು ನಮ್ಮನ್ನು ಹೀಗೇ ನೋಡುತ್ತಿದ್ದರು ಎಂದು ನನಗೆ ಆಗ ಹೊಳೆಯಿತು.

ಅಷ್ಟರಲ್ಲಿ ಮುಂದಿನ ಜಗಲಿಯ ಬಲ್ಬು ಹತ್ತಿಕೊಂಡಿತು. ಸಾಹೇಬರು ಅದೊಂದನ್ನು ಜನರೇಟರಿನ ತಂತಿಗೆ ಸೇರಿಸಿರಲಿಲ್ಲ. ಎಂದರೆ ಕರೆಂಟು ಬಂದಿತ್ತು. ನಾನು ಯಂತ್ರ ನಿಲ್ಲಿಸಲು ಎದ್ದೆ. ಮಾವ ನನ್ನ ಕೈ ಹಿಡಿದು ಜಗ್ಗಿ ಕೂರಿಸಿದರು. ಏನೋ ಹೇಳಿದರು. ಕೇಳಲಿಲ್ಲ. ಅತ್ತೆಯ ಕಡೆ ತಿರುಗಿದೆ. ಅವರು ಮಾವನ ತುಟಿಯನ್ನೇ ನೋಡುತ್ತಿದ್ದರು, ಕಣ್ಣು ತುಂಬಿತ್ತು.

"ಎಣ್ಣೆ ಮುಗಿಯೋ ತನಕ ಓಡ್ಲಂತೆ" ಎಂದರು ಅತ್ತೆ.