ಖಾಲಿ ತೊಟ್ಟಿಲು ತೂಗಿದ ದೆವ್ವದವರಿಗೆ

ಮಾನ್ಯ ದೆವ್ವದವರೇ,

ತುಡಿಯಲೂರಿನಿಂದ ಭಾಮಾ ಮಾಡುವ ಅನಂತ ನಮಸ್ಕಾರಗಳು. ತಾವು ಪರದೆಯ ಮೇಲೆ ಕ್ಷೇಮವಾಗಿದ್ದು, ಯಾವ ಆಟವನ್ನೂ ತಪ್ಪಿಸದೆ ಜನರನ್ನು ಹೆದರಿಸುತ್ತಿರುವಿರೆಂದು ನಂಬಿದ್ದೇನೆ.

ಕಳೆದ ಭಾನುವಾರ ನಾನು, ನನ್ನ ಯಜಮಾನರಾದ ರಂಗನಾಥ ಮತ್ತು ಅತ್ತೆ ಸುಶೀಲಮ್ಮನವರು ಕೊಯಮತ್ತೂರಿನ ಥಿಯೇಟರಿನಲ್ಲಿ ತಮ್ಮ ದರ್ಶನ ಪಡೆದೆವು. ಪೋಸ್ಟರಿನಲ್ಲಿ ಬರೀ ಒಂದು ಚಂದದ ಮನೆಯಿದ್ದುದರಿಂದ ಸಾಂಸಾರಿಕ ಚಿತ್ರವೆಂದುಕೊಂಡಿದ್ದೆವು. ಮಗು ತೀರಿಕೊಂಡ ಮನೆಗೆ ಆ ಮಗುವಿನ ದನಿಯಲ್ಲೇ ಬಂದು ತಂದೆತಾಯಿಗೆ ಹುಚ್ಚು ಹಿಡಿಸುವುದು ತಮ್ಮ ಕಸುಬೆಂದು ನಮಗೇನು ಗೊತ್ತು? ಹೋದ ವರ್ಷ ಜ್ವರದಲ್ಲಿ ತೀರಿಕೊಂಡ ನಮ್ಮ ಮಗಳು ಗೋಪಿಕಾಳ ಹೆಸರನ್ನು ಯಜಮಾನರು ಅಂದಿನಿಂದ ಒಮ್ಮೆಯೂ ಎತ್ತಿರಲಿಲ್ಲ. ಅವರೆದುರು ನಾವೂ ಎತ್ತುತ್ತಿರಲಿಲ್ಲ.

ಹೀಗಿರುವಾಗ ತಾವು ಖಾಲಿ ತೊಟ್ಟಿಲು ತೂಗಿದಿರಿ. ಥಿಯೇಟರೆಲ್ಲ ಉಸಿರು ಬಿಗಿಹಿಡಿದಿದ್ದಾಗ ನಮ್ಮತ್ತೆ ಎದ್ದು ನಿಂತು, "ಅಯ್ಯಯ್ಯೋ, ಸುಮ್ಮಾ ಖಾಲಿ ತೊಟ್ಲು ತೂಗಬೇಡಮ್ಮಾ, ಪಾಪೂಗೆ ಹೊಟ್ಟೆನೋವು ಬರುತ್ತೆ!" ಎಂದು ತಮ್ಮನ್ನು ಗದರಿದರು. ಕನ್ನಡ ಬಾರದ ತಮಿಳರೂ 'ತೊಟ್ಲು' ಎಂದದ್ದರಿಂದಲೇ ತಿಳಿದು ಬಿದ್ದು ಬಿದ್ದು ನಕ್ಕರು, ಏಕೆಂದರೆ ಅವರ ಅಜ್ಜಿಯರದೂ ಅದೇ ಕಾನೂನು. ಆಗ ಯಜಮಾನರು, "ನಮ್ಮ ಗೋಪಿಕಾಗೆ ಇನ್ನೇನು ನೋವಮ್ಮಾ, ಬಿಡು" ಎಂದು ನಗುನಗುತ್ತಲೇ ಅಳತೊಡಗಿದರು. ನಾನೂ ಅತ್ತುಬಿಟ್ಟೆ, ಖುಷಿಯಿಂದಲೋ ಸಂಕಟದಿಂದಲೋ ತಿಳಿಯದು.

ನನ್ನ ದೂರು ಇಷ್ಟೇ: ಅಂದಿನಿಂದ ಯಜಮಾನರ ಬಾಯಿಗೆ ಬೀಗವಿಲ್ಲ. ಅವರು ಕೆಲಸಕ್ಕೆ ಹೋಗುವ ತಿರುಪ್ಪೂರಿನ ಬನಿಯನ್ ಕಂಪನಿಯ ಕಟಿಂಗ್ ಮಾಸ್ಟರ್ ಪೆರಿಯಸಾಮಿಗೆ, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೆ, ಮಗಳು ಮೊಸರನ್ನು ತಲೆಗೆ ಮೆತ್ತಿಕೊಂಡ ಕಥೆ ಹೇಳಿ ಹೇಳಿ, ಇಳಿಯುವ ಸ್ಟಾಪನ್ನೇ ಮರೆಯುತ್ತಿದ್ದಾರೆ. ಹೆದರಿಸಲೆಂದು ಬಂದು ಇಂಥ ಉಪಕಾರ ಮಾಡಿಹೋಗುವುದು ತಮ್ಮಂಥ ಹೆಸರಾಂತ ದೆವ್ವಕ್ಕೆ ಶೋಭಿಸುತ್ತದೆಯೇ?

ಆದಕಾರಣ ತಾವು ಖುದ್ದಾಗಿ ನಮ್ಮ ಮನೆಗೆ ದಯಮಾಡಿಸಬೇಕೆಂದು ಕೋರುತ್ತೇನೆ. ಚಿತ್ರದಲ್ಲಿರುವಂಥ ಖಾಲಿ ಕೋಣೆಗಳು ಇಲ್ಲಿಲ್ಲ. ಪಡಸಾಲೆಯಲ್ಲಿ ನಿಂತರೆ ಅತ್ತೆ ಕರಿಬೇವು ಬಿಡಿಸಲು ಕೂರಿಸುತ್ತಾರೆ, ಪಕ್ಕದ ಮನೆಯ ಅಮ್ಮಣಿಯವರು ತಾವು ಯಾರ ಕಡೆಯವರೆಂದು ವಿಚಾರಿಸುತ್ತಾರೆ. ದಯವಿಟ್ಟು ಸಹಿಸಿಕೊಳ್ಳಿ. ಬರುವಾಗ ಆ ದನಿಯನ್ನು ಮಾತ್ರ ಮರೆಯದೆ ತನ್ನಿ.

ಹೆದರಲು ಮರೆತ,
ತಮ್ಮ ವಿಶ್ವಾಸಿ,
ಭಾಮಾ

ವಿ.ಸೂ.: ಕೊನೆಯಲ್ಲಿ ಆ ತಂದೆತಾಯಿ ತಮ್ಮನ್ನು ಮಂತ್ರ ಹಾಕಿಸಿ ಓಡಿಸಿದರಲ್ಲ, ಆ ಕಥೆ ಬರೆದವರಿಗೆ ಮಕ್ಕಳಿಲ್ಲವೆಂದು ತೋರುತ್ತದೆ. ಮಗಳ ದನಿಯಲ್ಲಿ ಯಾರೇ ಬಂದು ಬಾಗಿಲು ತಟ್ಟಿದರೂ, ನಾವಾಗಿದ್ದರೆ ಒಳಗೆ ಕರೆದು, ಮೊದಲು ಊಟವಾಯಿತೇ ಎಂದು ಕೇಳುತ್ತಿದ್ದೆವು.