ನಮ್ಮ ಮನೆಯ ಜೀರುಂಡೆ ಉತ್ಪಾದನಾ ಘಟಕ

ಎಲ್ಲರ ಮನೆಗೂ ಹಲ್ಲಿ ಗೋಡೆಯ ಮೇಲಿಂದ ಬರುತ್ತದೆ. ನಮ್ಮ ಮನೆಗೆ ಅದು ಭಾವಮೈದನ ಕೈಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಕೂತು, ಮುಂಬಾಗಿಲಿನಿಂದ ಬಂತು. ನೆಂಟರು ಬಂದು ಹೋದ ಮೇಲೆ ಒಂದು ಛತ್ರಿಯೋ ಒಂದು ಜೊತೆ ಕಾಲುಚೀಲವೋ ಉಳಿದುಬಿಡುವುದುಂಟು. ಈತ ಎಂಟು ತಿಂಗಳ ಹಡಗಿನ ಕೆಲಸಕ್ಕೆ ಹೊರಟವನು, ಹಳದಿ ಮೈಮೇಲೆ ಕಪ್ಪು ಚುಕ್ಕೆಗಳಿರುವ ಗೇಣುದ್ದದ ಹಲ್ಲಿಯನ್ನು ನಮ್ಮ ಊಟದ ಮೇಜಿನ ಮೇಲಿಟ್ಟು, "ಭಾವ, ಇದು ತುಂಬಾ ಪಾಪದ ಪ್ರಾಣಿ, ನಿಮ್ಮ ಹಾಗೇ" ಎಂದ.

"ಊಟ ಒಂದು ಸ್ವಲ್ಪ ನೋಡ್ಕೊಳ್ಳಿ. ಜೀವಂತ ಜೀರುಂಡೆ ಬಿಟ್ಟು ಬೇರೆ ಏನನ್ನೂ ಮುಟ್ಟಲ್ಲ. ದಿನ ಬಿಟ್ಟು ದಿನ ಐದು ಕೊಟ್ಟರೆ ಸಾಕು."

ಅವನು ಬೀದಿ ತಿರುಗುವವರೆಗೂ ನನ್ನ ಹೆಂಡತಿ ಕೈ ಬೀಸುತ್ತ ನಿಂತಿದ್ದಳು. ಆಮೇಲೆ ಒಳಗೆ ಬಂದು ನನ್ನ ಕಡೆ ತಿರುಗಿದಳು.

"ಬೇಡ ಅನ್ನೋಕೆ ನಿಮಗೆ ಬಾಯಿ ಇರಲಿಲ್ವಾ?"

"ನಿನ್ನ ತಮ್ಮ ಅಲ್ವಾ? ನೀನೇ ಹೇಳಬಹುದಿತ್ತು."

"ನನ್ನ ತಮ್ಮ ಅಂತಾನೇ ನೀವು ಹೇಳಬೇಕಿತ್ತು. ಅಕ್ಕ ಆಗಿ ನಾನು ಹೇಗೆ ಹೇಳ್ಲಿ?"

ಹದಿಮೂರು ವರ್ಷಗಳ ದಾಂಪತ್ಯದಲ್ಲಿ ಈ ತರ್ಕಶಾಸ್ತ್ರಕ್ಕೆ ನಾನು ಉತ್ತರ ಕಂಡುಹಿಡಿದಿಲ್ಲ. (ಇಡೀ ಗ್ರಂಥಾಲಯವೇ ನನ್ನ ಕೈಯಲ್ಲಿದ್ದರೂ ಕಂಡುಹಿಡಿದಿಲ್ಲ ಎಂಬುದನ್ನು ಗಮನಿಸಬೇಕು. ನಾನು ಸಾರ್ವಜನಿಕ ಗ್ರಂಥಾಲಯದ ಗುಮಾಸ್ತ. ಪುಸ್ತಕ ಕೊಡುವುದು, ವಾಪಸ್ಸು ಪಡೆಯುವುದು, ಮಾತಾಡುವವರ ಕಡೆ ನೋಡಿ ತುಟಿಯ ಮೇಲೆ ಬೆರಳಿಡುವುದು, ಇವು ನನ್ನ ಕರ್ತವ್ಯಗಳು.)

ಹಲ್ಲಿಯನ್ನು ಮರುದಿನವೇ ಬೇರೆ ಯಾರಿಗಾದರೂ ದಾಟಿಸಿಬಿಡುತ್ತಿದ್ದೆವೇನೋ. ನಮ್ಮನ್ನು ತಡೆದವಳು ಮಗಳು.

ಅವಳಿಗೆ ಎಂಟು ವರ್ಷ. ಮನೆ ಬದಲಾಯಿಸಿದ್ದರಿಂದ ಶಾಲೆಯೂ ಬದಲಾಗಿತ್ತು. ಹೊಸ ತರಗತಿಗೆ ಕಾಲಿಟ್ಟ ದಿನದಿಂದ ಅವಳ ಬಾಯಿಗೆ ಬೀಗ ಬಿದ್ದಿತ್ತು. "ಹಾಜರಿ ಕೂಗಿದರೆ ಕೈ ಎತ್ತುತ್ತಾಳೆ, ಅಷ್ಟೆ" ಎಂದು ಟೀಚರ್ ನಮ್ಮನ್ನು ಕರೆಸಿ ಹೇಳಿದ್ದರು. ಮನೆಯಲ್ಲೂ 'ಹೂಂ', 'ಬೇಡ', 'ಆಯ್ತು' ಎನ್ನುವ ಮೂರು ಪದಗಳಲ್ಲಿ ಸಂಸಾರ ಮಾಡುತ್ತಿದ್ದಳು. ಮೊದಲು ಹೀಗಿರಲಿಲ್ಲ. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಎಂಥೆಂಥ ರೋಗಿಗಳನ್ನೋ ಮಾತಾಡಿಸಿದವಳು. ಸ್ವಂತ ಮಗಳ ಎದುರು ಏನು ಮಾಡಬೇಕೆಂದು ತಿಳಿಯದೆ ಅಡುಗೆಮನೆಯಲ್ಲಿ ನಿಂತು ಸುಮ್ಮನೆ ಪಾತ್ರೆ ಒರೆಸುತ್ತಿದ್ದಳು, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು.

ಹಲ್ಲಿ ಬಂದ ಸಂಜೆ ಮಗಳು ಗಾಜಿಗೆ ಮೂಗು ಒತ್ತಿ ಅರ್ಧ ಗಂಟೆ ಕೂತಳು. ಆಮೇಲೆ, "ಅಪ್ಪ, ಇದರ ಬಾಲ ದಪ್ಪ ಇದ್ದರೆ ಆರೋಗ್ಯ ಚೆನ್ನಾಗಿದೆ ಅಂತ ಅರ್ಥವಂತೆ, ಮಾಮ ಹೇಳಿದ. ಸಣ್ಣ ಆಗೋಕೆ ಬಿಡಬಾರದು" ಎಂದಳು.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎರಡು ತಿಂಗಳಲ್ಲಿ ಆ ಬಾಯಿಂದ ಬಂದ ಅತಿ ಉದ್ದನೆಯ ಮಾತು ಅದು. ಅಂದಿನಿಂದ ಹಲ್ಲಿಯ ಬಾಲದ ದಪ್ಪ ನನ್ನ ಜವಾಬ್ದಾರಿಯಾಯಿತು.

ಮೀನು, ಗಿಳಿ ಮಾರುವ ಅಂಗಡಿಯಲ್ಲಿ ವಾರಕ್ಕೊಮ್ಮೆ ಜೀರುಂಡೆಯ ಡಬ್ಬಿ ಬರುತ್ತಿತ್ತು. ಮೂರು ವಾರ ಎಲ್ಲ ಸುಸೂತ್ರ. ನಾಲ್ಕನೆಯ ವಾರ ಅಂಗಡಿಯವರು ಕೈ ಆಡಿಸಿದರು.

"ಇಲ್ಲ ಸಾರ್. ಸಾಕೋ ಕಡೆ ಏನೋ ರೋಗ ಬಂದು ಎಲ್ಲ ಸತ್ತು ಹೋದ್ವಂತೆ. ಮತ್ತೆ ಯಾವಾಗ ಬರುತ್ತೋ ಗೊತ್ತಿಲ್ಲ."

"ಅಲ್ಲಿಯವರೆಗೆ?"

"ಬಯಲಲ್ಲಿ ಹಿಡೀರಿ. ಕಲ್ಲು, ಹಲಗೆ ಎತ್ತಿ ನೋಡಿದ್ರೆ ಕೆಳಗೆ ಇರ್ತವೆ. ಔಷಧಿ ಹೊಡೆದ ಕಡೆ ಮಾತ್ರ ಹಿಡಿಬೇಡಿ, ತಿಂದ ಹಲ್ಲಿನೂ ಹೋಗುತ್ತೆ."

ಹೀಗಾಗಿ ಭಾನುವಾರ ಬೆಳಿಗ್ಗೆ ಗ್ರಂಥಾಲಯದ ಹಿಂದಿನ ಖಾಲಿ ಜಾಗದಲ್ಲಿ, ಉಪ್ಪಿನಕಾಯಿ ಜಾಡಿ ಹಿಡಿದು, ನಾನು ನಾಲ್ಕು ಕಾಲಿನ ಪ್ರಾಣಿಯಾಗಿ ಸಂಚರಿಸುತ್ತಿದ್ದೆ. ಜೀರುಂಡೆ ಹಿಡಿಯುವುದು ಸುಲಭ ಎಂದುಕೊಂಡವರು ಜೀರುಂಡೆಗೆ ಹಿಂಗಾಲು ಎಂಬುದೊಂದು ಇದೆ ಎನ್ನುವುದನ್ನು ಮರೆತಿರುತ್ತಾರೆ. ಇಟ್ಟಿಗೆ ಎತ್ತಿದರೆ ಅದು ಅಲ್ಲಿರುತ್ತದೆ. ಕೈ ಇಟ್ಟರೆ ಅಲ್ಲಿರುವುದಿಲ್ಲ. ಹೀಗೆ ಒಂದು ಹಲಗೆಯ ಕೆಳಗೆ ತಲೆ ತೂರಿಸಿದ್ದಾಗ ನಮ್ಮ ವಾಚನಾಲಯಕ್ಕೆ ದಿನಾ ಬರುವ ನಿವೃತ್ತ ಹೆಡ್‌ಮಾಸ್ತರರು ಬಂದು ಪಕ್ಕದಲ್ಲಿ ನಿಂತರು.

"ಏನು ಕಳಕೊಂಡ್ರಿ?"

ಮರ್ಯಾದೆ ಎಂದು ಹೇಳಬೇಕಿತ್ತು. "ಕನ್ನಡಕ" ಎಂದೆ.

"ಮೂಗಿನ ಮೇಲೇ ಇದೆಯಲ್ಲ" ಎಂದು, ಬಹಳ ಮರುಕದಿಂದ ನನ್ನನ್ನು ನೋಡಿ ಹೋದರು.

ಹನ್ನೊಂದು ಸಿಕ್ಕವು. ಕಪ್ಪಗೆ, ಪಾಲಿಶ್ ಮಾಡಿದ ಬೂಟಿನಂತೆ ಮಿರಮಿರ ಮಿಂಚುತ್ತಿದ್ದವು. ಒಂದು ನನ್ನ ಹೆಬ್ಬೆರಳನ್ನು ಕಚ್ಚಿತು. ಮನೆಗೆ ನಡೆದು ಬರುವಾಗ, ಬೆರಳನ್ನು ಚೀಪುತ್ತಿದ್ದ ನನ್ನ ತಲೆಯಲ್ಲಿ ಆ ಮಹಾ ಯೋಜನೆ ಹೊಳೆಯಿತು. ವಾರವಾರ ಹೀಗೆ ನೆಲ ನೆಕ್ಕುವ ಬದಲು, ಮನೆಯಲ್ಲೇ ಉತ್ಪಾದನೆ ಮಾಡಿದರೆ?

ಗ್ರಂಥಾಲಯದಿಂದ ಕೀಟಗಳ ಪುಸ್ತಕ ತಂದೆ. ದೊಡ್ಡ ಪ್ಲಾಸ್ಟಿಕ್ ಟಬ್ಬು, ಅಡಗಿಕೊಳ್ಳಲು ಮೊಟ್ಟೆಯ ಟ್ರೇ, ಬೆಚ್ಚಗಿಡಲು ಒಂದು ಬಲ್ಬು, ಒಂದು ಬಟ್ಟಲಲ್ಲಿ ಒದ್ದೆ ಮರಳು, ಆಹಾರಕ್ಕೆ ಕ್ಯಾರೆಟ್ಟು ಮತ್ತು ಬಿಸ್ಕತ್ತಿನ ಪುಡಿ. ಮುಚ್ಚಳಕ್ಕೆ ನಾನೇ ಮೊಳೆ ಕಾಯಿಸಿ ಗಾಳಿ ಆಡಲು ತೂತು ಮಾಡಿದೆ. ಮಗಳು ಪಕ್ಕದಲ್ಲಿ ಕೂತು ಒಂದೊಂದೇ ಸಾಮಾನು ಎತ್ತಿ ಕೊಟ್ಟಳು. ಘಟಕವನ್ನು ಮಲಗುವ ಕೋಣೆಯ ಪಕ್ಕದ ಸಾಮಾನು ಕೋಣೆಯಲ್ಲಿ ಸ್ಥಾಪಿಸಲಾಯಿತು.

ಹೆಂಡತಿಗೆ ಆ ತಿಂಗಳು ರಾತ್ರಿ ಪಾಳಿ. ಬೆಳಿಗ್ಗೆ ಎಂಟಕ್ಕೆ ಬಂದು ಮಲಗಿದರೆ ಮಧ್ಯಾಹ್ನದವರೆಗೆ ನಿದ್ದೆ. ಜೀರುಂಡೆಗಳಿಗೆ ಯಾವ ಪಾಳಿಯೂ ಇರಲಿಲ್ಲ. ಬಲ್ಬಿನ ಬಿಸಿಗೆ ಹುಮ್ಮಸ್ಸು ಬಂದು ಹಗಲಿಡೀ ಕಛೇರಿ ನಡೆಸಿದವು. ಮೂರನೆಯ ದಿನ ನಾನು ಊಟಕ್ಕೆ ಮನೆಗೆ ಬಂದಾಗ ಅವಳು ಮಂಚದ ಮೇಲೆ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಳು.

"ನಿಮ್ಮ ಕಾರ್ಖಾನೆ ಎಷ್ಟು ಗಂಟೆಗೆ ಮುಚ್ಚುತ್ತೆ?"

"ಅದು ಸಂಗೀತ ಕಣೇ. ಪುಸ್ತಕದಲ್ಲಿ ಬರೆದಿದ್ದಾರೆ. ರೆಕ್ಕೆಗೆ ರೆಕ್ಕೆ ಉಜ್ಜಿ..."

"ನನ್ನ ತಲೆ ಉಜ್ಜಿದ ಹಾಗಿದೆ."

"ಒಂದು ಸಮಾಧಾನ ಇದೆ. ಗಲಾಟೆ ಮಾಡೋದು ಗಂಡು ಮಾತ್ರ. ಹೆಣ್ಣು ಸದ್ದೇ ಮಾಡಲ್ಲ."

"ಇದನ್ನ ತಿಳ್ಕೊಳ್ಳೋಕೆ ಪುಸ್ತಕ ಬೇಕಿತ್ತಾ? ಗಂಡುಗಳನ್ನ ಮೊದಲು ಹಲ್ಲಿಗೆ ಹಾಕಿ."

ಅವಳು ಇದನ್ನು ಹೇಳುವಾಗ ನನ್ನ ಕಡೆಯೇ ನೋಡುತ್ತಿದ್ದುದರಿಂದ ನಾನು ತಡಮಾಡಲಿಲ್ಲ. ಹೆಣ್ಣಿಗೆ ಬಾಲದ ಕಡೆ ಸೂಜಿಯಂಥ ಉದ್ದನೆಯ ಕೊಳವೆ ಇರುತ್ತದೆ, ಗಂಡಿಗೆ ಇರುವುದಿಲ್ಲ. ಮಗಳು ಕ್ಷಣದಲ್ಲಿ ಬೇರ್ಪಡಿಸಿ ಕೊಟ್ಟಳು. ಐದು ಗಾಯಕರು ಹಲ್ಲಿಯ ಸೇವೆಗೆ ಸಂದರು. ಮನೆ ತಣ್ಣಗಾಯಿತು. ಗಂಡಾಂತರ ಎಂಬ ಪದ ಎಲ್ಲಿಂದ ಹುಟ್ಟಿತೆಂದು ಈಗ ಗೊತ್ತಾಯಿತು ಎಂದು ಹೆಂಡತಿ ಮುಸುಕೆಳೆದುಕೊಂಡಳು.

ನಾವು ಮೂವರೂ ಮರೆತಿದ್ದ ಸಂಗತಿಯೆಂದರೆ, ಆ ಐವರು ಮೂರು ದಿನ ಹಾಡಿದ್ದು ಸುಮ್ಮನೆ ಅಲ್ಲ.

"ಅಪ್ಪ, ಮರಳಲ್ಲಿ ಅಕ್ಕಿ ನುಚ್ಚಿನ ಹಾಗೆ ಏನೋ ಇದೆ" ಎಂದಳು ಮಗಳು ಒಂದು ದಿನ. ಮೊಟ್ಟೆಗಳು. ನಾನು ಎದೆಯುಬ್ಬಿಸಿ ಓಡಾಡಿದೆ. ಮೊಟ್ಟೆ ಇಟ್ಟು ಮುಗಿಸಿದ ಹೆಣ್ಣುಗಳೂ ಹಲ್ಲಿಯ ಸೇವೆಗೆ ಸಂದವು, ಭಾನುವಾರ ನಾನು ಮತ್ತೆ ಜಾಡಿ ಹಿಡಿದು ಬಯಲಿಗೆ ಹೋದೆ. ಎರಡು ವಾರ ದಿನಾ ಮರಳಿಗೆ ನೀರು ಚಿಮುಕಿಸಿದೆವು. ಹದಿನಾರನೆಯ ದಿನ ಇರುವೆಗಿಂತ ಚಿಕ್ಕ ಮರಿಗಳು ಮರಳ ತುಂಬ ಪುಟಿಯುತ್ತಿದ್ದವು. ಹದಿನೇಳನೆಯ ದಿನ ಒಂದೂ ಇರಲಿಲ್ಲ.

ಮಗಳು ಖಾಲಿ ಟಬ್ಬಿನ ಮುಂದೆ ಕೂತಳು. ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ಮಾತಿರಲಿಲ್ಲ. ಹೆಂಡತಿ ಅವಳ ಪಕ್ಕ ನೆಲದ ಮೇಲೇ ಕೂತು ತಲೆ ಸವರಿದಳು. "ತೀರ ಚಿಕ್ಕ ಮರಿಗಳಲ್ವಾ ಪುಟ್ಟಿ, ಉಳಿಯೋದು ಕಷ್ಟ. ನಮ್ಮ ವಾರ್ಡಲ್ಲೂ ಕೆಲವು ಸಲ ಹೀಗೇ ಆಗುತ್ತೆ" ಎಂದಳು. ನಾನು ಟಬ್ಬು ತೊಳೆದು ಕವುಚಿ ಹಾಕಿದೆ. ಅಷ್ಟರಲ್ಲಿ ಅಂಗಡಿಗೆ ಡಬ್ಬಿ ಮತ್ತೆ ಬರತೊಡಗಿತ್ತು. ಘಟಕ ಮುಚ್ಚಿತೆಂದೇ ತಿಳಿದೆವು.

ಸುಮಾರು ಎರಡು ತಿಂಗಳ ಮೇಲೆ, ಒಂದು ಬೆಳಿಗ್ಗೆ ಬಟ್ಟೆಯ ಬೀರುವಿನ ಹಿಂದಿನಿಂದ 'ಕ್ರೀ' ಎಂದು ಒಂದು ಸ್ವರ ಬಂತು. ಗ್ಯಾಸ್ ಒಲೆಯ ಕೆಳಗಿನಿಂದ ಅದಕ್ಕೆ ಉತ್ತರ ಬಂತು. ಸೋಫಾದೊಳಗಿನಿಂದ ಮೂರನೆಯವನು ಸೇರಿಕೊಂಡ. ಮರಿಗಳು ಸತ್ತಿರಲಿಲ್ಲ. ನಾನು ಕಾಯಿಸಿದ ಮೊಳೆಯಿಂದ ಕೊರೆದ ತೂತುಗಳು ಅವುಗಳ ಪಾಲಿಗೆ ಹೆಬ್ಬಾಗಿಲುಗಳಾಗಿದ್ದವು. ಹೊರಗೆ ಹೋಗಿ, ನಮ್ಮದೇ ಮನೆಯಲ್ಲಿ ಉಂಡುಟ್ಟು ಪ್ರಾಯಕ್ಕೆ ಬಂದಿದ್ದವು.

ಹೆಂಡತಿ ಬೀರು ತೆರೆದು ತನ್ನ ಬಿಳಿ ಯೂನಿಫಾರ್ಮನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನಕ್ಷತ್ರಗಳು ಕಂಡವು. ನಾನು ತಿಂಡಿಯನ್ನೂ ತಿನ್ನದೆ ಗ್ರಂಥಾಲಯಕ್ಕೆ ಓಡಿದೆ.

ಅಲ್ಲೂ ನೆಮ್ಮದಿ ಇರಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ, ಪುಟ ತಿರುಗುವ ಸದ್ದೂ ಕೇಳುವಷ್ಟು ಶಾಂತವಾಗಿದ್ದ ವಾಚನಾಲಯದಲ್ಲಿ, ನನ್ನ ಹೆಗಲುಚೀಲ ಹಾಡತೊಡಗಿತು. ಚೀಲದ ಮೇಲೆ ಕೂತೆ. ಕೆಳಗಿನಿಂದ ಹಾಡಿತು. ಕೆಮ್ಮಿ ಮುಚ್ಚಲು ನೋಡಿದೆ, ಹುರುಪಿನಿಂದ ಶ್ರುತಿ ಏರಿಸಿತು. ಇಪ್ಪತ್ತು ತಲೆಗಳು ನನ್ನ ಕಡೆ ತಿರುಗಿದವು. ಹೆಡ್‌ಮಾಸ್ತರರು ಪತ್ರಿಕೆ ಕೆಳಗಿಳಿಸಿ, ನನ್ನನ್ನೇ ನೋಡುತ್ತ, ನಿಧಾನವಾಗಿ ತುಟಿಯ ಮೇಲೆ ಬೆರಳಿಟ್ಟರು. ಹದಿನೆಂಟು ವರ್ಷಗಳ ಸೇವೆಯಲ್ಲಿ ಇಂಥ ದಿನ ಬರುತ್ತದೆಂದು ಎಣಿಸಿರಲಿಲ್ಲ.

ಸಂಜೆ ಮನೆಗೆ ಹೆದರುತ್ತಲೇ ಬಂದೆ. ಬಾಗಿಲಲ್ಲೇ ಮಗಳ ದನಿ ಕೇಳಿತು.

"ಅಮ್ಮ, ನೀನು ಮಂಚದ ಆ ಕಡೆ. ಲೋಟ ಬಗ್ಗಿಸಿ ಹಿಡಿ. ಹಿಂದಿನಿಂದ ಹೋಗಬೇಡ, ಅದಕ್ಕೆ ಗಾಳಿ ಗೊತ್ತಾಗುತ್ತೆ. ಅಪ್ಪ, ನೀನು ಬಂದ್ಯಾ? ನೀನು ಅಲ್ಲೇ ನಿಂತ್ಕೋ. ಏನೂ ಮಾಡಬೇಡ."

ಮಂಚದ ಕೆಳಗಿನಿಂದ ಹೆಂಡತಿಯ ಎರಡು ಪಾದಗಳು ಮಾತ್ರ ಕಾಣುತ್ತಿದ್ದವು. ಮಗಳು ದಿನಪತ್ರಿಕೆಯನ್ನು ಕೊಳವೆ ಮಾಡಿ, ಒಳಗೆ ಕ್ಯಾರೆಟ್ಟು ಇಟ್ಟು, ಮೂಲೆಮೂಲೆಗೆ ಇಟ್ಟಿದ್ದಳು. ಜೀರುಂಡೆಗಳು ತಾವಾಗಿಯೇ ಒಳಗೆ ಹೋಗುತ್ತಿದ್ದವು, ಅವಳು ಕೊಳವೆ ಎತ್ತಿ ಡಬ್ಬಿಗೆ ಕೊಡವುತ್ತಿದ್ದಳು. (ನನ್ನ ಭಾನುವಾರಗಳು ನೆನಪಾಗಿ ಸಂಕಟವಾಯಿತು.) ಊಟದ ಹೊತ್ತಿಗೆ ನಲವತ್ತಮೂರು ಸಿಕ್ಕಿದ್ದವು. ಹೆಂಡತಿ ಕೂದಲಿಗೆ ಮೆತ್ತಿದ ಧೂಳು ಒರೆಸಿಕೊಳ್ಳುತ್ತ ಮೊದಲು ನಕ್ಕಳು, ಆಮೇಲೆ ಮಗಳು, ಕಡೆಗೆ ಅವರಿಬ್ಬರ ಅಪ್ಪಣೆ ಪಡೆದು ನಾನು.

ಆ ಹೊತ್ತಿನಲ್ಲೇ ಹೆಂಡತಿಗೆ ಉಪಾಯ ಹೊಳೆದದ್ದು. "ರೀ, ಈ ಡಬ್ಬಿನ ಅವಳ ಕ್ಲಾಸಿಗೆ ತಗೊಂಡು ಹೋಗಿ. ನೀವೇ ನಾಲ್ಕು ಮಾತು ಹೇಳಿ. ಅವಳು ಮಾತಾಡದಿದ್ರೂ ಪರವಾಗಿಲ್ಲ, ಇವಳ ಮನೇಲಿ ಇಂಥದ್ದಿದೆ ಅಂತ ಮಕ್ಕಳು ಹತ್ತಿರ ಬರ್ತಾರೆ."

ಟೀಚರ್ ಒಪ್ಪಿದರು. ನಾನು ಮೂರು ದಿನ ಕೂತು ನಾಲ್ಕು ಪುಟದ ಭಾಷಣ ಬರೆದೆ. ಶುಕ್ರವಾರ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮೂವತ್ತು ಮಕ್ಕಳ ಮುಂದೆ ನಿಂತೆ. ಮಗಳು ಎರಡನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಅವಳ ಪಕ್ಕದ ಜಾಗ ಖಾಲಿ ಇತ್ತು. ಡಬ್ಬಿಯನ್ನು ಮೇಜಿನ ಮೇಲಿಟ್ಟು ಭಾಷಣದ ಹಾಳೆ ಬಿಡಿಸಿದೆ.

"ಕೀಟ ಸಾಮ್ರಾಜ್ಯದ ಸಂಗೀತ ವಿದ್ವಾಂಸನಾದ ಜೀರುಂಡೆಯು..." ಎಂದು ಆರಂಭಿಸಿದೆ. ಮೊದಲ ಪುಟ ಮುಗಿಯುವಷ್ಟರಲ್ಲಿ ಹಿಂದಿನ ಸಾಲು ಆಕಳಿಸಿತು. ಗಾಬರಿಯಾಗಿ ಡಬ್ಬಿಗೆ ಕೈ ಹಾಕಿ, ಸಿಕ್ಕಿದ್ದನ್ನು ಎತ್ತಿ ಹಿಡಿದೆ. "ನೋಡಿ ಮಕ್ಕಳೇ, ಹಾಡುವ ಗಂಡು ಜೀರುಂಡೆ ಇದೇ."

"ಅದು ಹೆಣ್ಣು."

ಟೀಚರ್ ಬರೆಯುತ್ತಿದ್ದುದನ್ನು ನಿಲ್ಲಿಸಿ ತಲೆ ಎತ್ತಿದರು. ಮಕ್ಕಳೆಲ್ಲ ಎರಡನೆಯ ಬೆಂಚಿನ ಕಡೆ ತಿರುಗಿದರು. ಮಗಳ ಕಿವಿ ಕೆಂಪಾಗಿತ್ತು. ಆದರೆ ತಪ್ಪು ಕೇಳಿ ಸುಮ್ಮನಿರಲು ಅವಳಿಂದ ಆಗಲಿಲ್ಲ.

"ಬಾಲದಲ್ಲಿ ಸೂಜಿ ಇದೆ ನೋಡು ಅಪ್ಪ. ಮೊಟ್ಟೆ ಇಡೋಕೆ. ಗಂಡಿಗೆ ಇರಲ್ಲ. ಹಾಗೆ ಹಿಡಿದ್ರೆ ಕಾಲು ಕಿತ್ತು ಬರುತ್ತೆ, ಕೊಡಿಲ್ಲಿ."

ಅವಳು ಎದ್ದು ಬಂದಳು. ಎರಡು ಅಂಗೈಗಳನ್ನು ಗೂಡು ಮಾಡಿ ಜೀರುಂಡೆಯನ್ನು ತೆಗೆದುಕೊಂಡು ಮೊದಲ ಬೆಂಚಿನ ಹುಡುಗಿಗೆ ತೋರಿಸಿದಳು. ಆ ಹುಡುಗಿ, "ಕಚ್ಚುತ್ತಾ?" ಎಂದಳು.

"ನನಗೆ ಕಚ್ಚಿಲ್ಲ. ನಮ್ಮಪ್ಪನಿಗೆ ಕಚ್ಚಿದೆ."

"ಆಗ ಏನು ಮಾಡಿದ್ರು?"

ಮಗಳು ನನ್ನ ಕಡೆ ನೋಡಿದಳು. ನಾನು ಯಾರಿಗೂ ಕಾಣದಂತೆ, ಬೇಡವೆಂದು ತಲೆಯಾಡಿಸಿದೆ. ಐದು ತಿಂಗಳು ಈ ತರಗತಿಯಲ್ಲಿ ತುಟಿ ಬಿಚ್ಚದವಳು, ಇನ್ನೈದು ನಿಮಿಷ ಬಿಚ್ಚದಿದ್ದರೆ ನಷ್ಟವೇನು ಎಂದು ನನ್ನ ಆಸೆ.

"ಬೆರಳು ಬಾಯಲ್ಲಿ ಇಟ್ಕೊಂಡು ಮನೆವರೆಗೂ ಬಂದ್ರು. ಅಮ್ಮ ಬ್ಯಾಂಡೇಜ್ ಹಾಕೋವಾಗ ಕಣ್ಣು ಮುಚ್ಕೊಂಡಿದ್ರು. ಗಾಯ ಹುಡುಕಿದ್ರೂ ಸಿಗಲಿಲ್ಲ, ಅಮ್ಮ ಅಂದಾಜಲ್ಲಿ ಹಾಕಿದ್ಲು."

ತರಗತಿ ಬಿದ್ದು ಬಿದ್ದು ನಕ್ಕಿತು. ಮಕ್ಕಳು ಬೆಂಚು ಬಿಟ್ಟು ಅವಳ ಸುತ್ತ ಮುತ್ತಿಕೊಂಡರು. ನನ್ನ ಭಾಷಣದ ಎರಡನೆಯ ಪುಟವನ್ನು ಯಾರೋ ತುಳಿದರು. ಟೀಚರ್ ಕಣ್ಣೊರೆಸಿಕೊಳ್ಳುತ್ತ ನನ್ನ ಬಳಿ ಬಂದು, ಮೆಲ್ಲಗೆ, "ನಿಮಗೆ ಕೆಲಸ ಇದ್ದರೆ ಹೊರಡಿ ಸಾರ್. ಇವಳೇ ಸಾಕು" ಎಂದರು.

"ಅಪ್ಪ, ಡಬ್ಬಿ ಇಲ್ಲೇ ಬಿಟ್ಟು ಹೋಗು" ಎಂದಳು ಮಗಳು, ತಿರುಗಿ ಕೂಡ ನೋಡದೆ.

ನಾನು ಹೊರಗೆ ಬಂದೆ. ಒಳಗೆ ಅವಳ ದನಿ ನಿಲ್ಲದೆ ಹರಿಯುತ್ತಿತ್ತು. ಇದನ್ನು ಹೆಂಡತಿಗೆ ಹೇಗೆ ಹೇಳಲಿ, ಎಲ್ಲಿಂದ ಶುರುಮಾಡಲಿ ಎಂದು ಯೋಚಿಸುತ್ತ ಮೆಟ್ಟಿಲಿಳಿಯುತ್ತಿದ್ದೆ. ಅಷ್ಟರಲ್ಲಿ ಇಡೀ ತರಗತಿ ಮೊದಲಿಗಿಂತ ಎರಡರಷ್ಟು ಜೋರಾಗಿ ನಕ್ಕಿತು, ಟೀಚರೂ ಸೇರಿ. ಅವಳು ಯಾವ ಪ್ರಸಂಗಕ್ಕೆ ಬಂದಿದ್ದಾಳೆಂದು ನನಗೆ ತಕ್ಷಣ ಗೊತ್ತಾಯಿತು. ಅದನ್ನು ನಾನು ನಿಮ್ಮ ಹತ್ತಿರ ಕೂಡ ಹೇಳಿಲ್ಲ.