ಗ್ರೀಕ್ ಕಲಿಸಿದ ಐದು ಪೊಟ್ಟಣ

ಗ್ರೀಕ್ ಭಾಷೆಯನ್ನು ಒಂದೇ ಸಂಜೆಯಲ್ಲಿ ಮಣಿಸಿಬಿಡುತ್ತೇನೆಂದು ಶ್ರೀರಾಮನಗರದ ಪಕ್ಕೀರವ್ವ ಹೊರಟಾಗ, ಕನ್ನಡದಲ್ಲಿ ತನ್ನ ಹೆಸರು ಬರೆಯಲು ಆಕೆಗೆ ಇನ್ನೂ ಕಾಲು ತಾಸು ಬೇಕಾಗುತ್ತಿತ್ತು.

ಮೊಮ್ಮಗಳು ರಂಜಿತಾ ಡಯಾಲಿಸಿಸ್ ಯಂತ್ರ ನಡೆಸುವ ಕೋರ್ಸಿನಲ್ಲಿದ್ದಳು. ಇನ್ನೆರಡು ದಿನಕ್ಕೆ ಪರೀಕ್ಷೆ.

"ಲೂಓ ಅಂತ ಹಳೇ ಗ್ರೀಕ್ ಕ್ರಿಯಾಪದ ಐತಜ್ಜಿ. ಬಿಚ್ಚು ಅಂತ ಅರ್ಥ. ಅದರಿಂದ ಲೂಸಿಸ್, ಅನಾಲಿಸಿಸ್, ಡಯಾಲಿಸಿಸ್, ಪ್ಯಾರಾಲಿಸಿಸ್. ಯಾವುದರಾಗ ಏನು ಬಿಚ್ಚತಾರಂತ ತಲ್ಯಾಗ ನಿಲ್ಲವಲ್ದು."

"ಬಿಚ್ಚೂದು ಓದಿದ್ರ ಬರತೈತೇನ? ಬಿಚ್ಚಿದ್ರ ಬರತೈತಿ."

ಪಕ್ಕೀರವ್ವ ಗೂಟದಿಂದ ಐದು ಅರಿವೆ ಪೊಟ್ಟಣ ಇಳಿಸಿದಳು. ಓಣಿಯ ಐದು ಮನೆಯವರು ಕಾಪಿಡಲು ಕೊಟ್ಟ ಮೆಣಸಿನಕಾಯಿ ಬೀಜ. ಒಂದು ಗಂಟಿನದು ಫಾತಿಮಾಬೀಯ ಸಪ್ಪನೆಯ ಮಿರ್ಚಿ ತಳಿ, ಎರಡು ಗಂಟಿನದು ಹುಲಗಪ್ಪನ ಮನೆಯ ಬೆಂಕಿಯಂಥ ಖಾರದ್ದು, ಹೀಗೆ ಐದು ಗಂಟಿನವರೆಗೆ. ಅಕ್ಷರ ಕೈಗೆ ಹತ್ತದವಳಿಗೆ ಗಂಟೇ ಬರಹ. ಇಪ್ಪತ್ತು ವರ್ಷದಲ್ಲಿ ಒಂದು ಕಾಳೂ ಅದಲುಬದಲಾಗಿರಲಿಲ್ಲ.

ಇಬ್ಬರೂ ಮೊದಲನೆಯದನ್ನು ಬಿಚ್ಚಿ ಲೂಓ, ಎರಡನೆಯದನ್ನು ಬಿಚ್ಚಿ ಲೂಸಿಸ್ ಎಂದರು. ಮೂರನೆಯದನ್ನು ಹರವಿ ಒಳಗೇನಿದೆಯೆಂದು ನೋಡಿದರು, ಅನಾಲಿಸಿಸ್. ನಾಲ್ಕನೆಯದರ ಹೊಟ್ಟು ಊದಿ ಬೇರೆ ಮಾಡಿದರು, ಡಯಾಲಿಸಿಸ್. ಐದನೆಯದರ ಅರಿವೆ ಒಂದು ಕಡೆ ಜೋತುಬಿತ್ತು.

"ಇದ ನೋಡ ಪ್ಯಾರಾಲಿಸಿಸ್. ನಮ್ಮ ಲಕ್ವಾ."

ರಂಜಿತಾಳಿಗೆ ಐದೂ ಬಾಯಿಗೆ ಬಂದವು. "ನಾ ಸಾಲಿ ಕಂಡಿದ್ರ ಡಾಕ್ಟರ ಆಗತಿದ್ದೆ" ಎಂದು ಪಕ್ಕೀರವ್ವ ಅದೇ ಖುಷಿಯಲ್ಲಿ ಪೊಟ್ಟಣಗಳನ್ನು ಕಟ್ಟಿ ಮತ್ತೆ ಗೂಟಕ್ಕೆ ಹಾಕಿದಳು.

ಮರುದಿನ ಬೆಳಿಗ್ಗೆ ಫಾತಿಮಾಬೀ ಬಂದಳು. ಗಂಗಾವತಿಯಲ್ಲಿ ಆಕೆಯದು ಮಿರ್ಚಿ ಭಜಿ ಅಂಗಡಿ.

"ಅಕ್ಕಾರ, ನನ್ನ ಬೀಜ ಕೊಡ್ರಿ. ಇವತ್ತ ಸಸಿ ಹಾಕಬೇಕು."

ಪಕ್ಕೀರವ್ವ ಗೂಟಕ್ಕೆ ಕೈ ಹಾಕಿ ಗಂಟು ಎಣಿಸಿದಳು. ಐದು ಪೊಟ್ಟಣ, ಐದಕ್ಕೂ ಅಚ್ಚುಕಟ್ಟಾದ ಒಂದೊಂದೇ ಗಂಟು.

"ನಿನ್ನಿ ಸಂಜಿಮುಂದ ಈ ಗಂಟೆಲ್ಲಾ ಬಿಚ್ಚಿ ನಾ ಗ್ರೀಕ್ ಕಲಿತೆ, ಫಾತಿಮಾ."

"ಕಲೀರಿ, ಯಾರ ಬ್ಯಾಡಂದಾರ. ನನ್ನ ಬೀಜದಾಗ ಯಾಕ ಕಲಿತ್ರಿ? ಖಾರಂದು ಬಿದ್ರ ನನ್ನ ಅಂಗಡಿ ಮುಂದ ಯಾರ ನಿಂದರ್ತಾರ?"

"ಗಂಟಿನಾಗ ಹೆಸರು ಬರದಾಕಿ ನಾನ, ಅಳಿಸಿದಾಕೀನೂ ನಾನ. ಈ ಜಾಣತನಕ್ಕ ಏನು ಶಿಕ್ಷಾ ಕೊಡ್ತಿ ಕೊಡು."

ಫಾತಿಮಾಬೀ ಪೊಟ್ಟಣಗಳನ್ನು ಒಂದೊಂದಾಗಿ ತೂಗಿ ನೋಡಿದಳು.

"ನನ್ನ ಸಸಿ ಮುಂದಿನ ಹಂಗಾಮಿಗೆ ಆಗಲಿ. ಐದರಾಗಿಂದೂ ಚೂರಚೂರು ನಿಮ್ಮ ಹಿತ್ತಲದಾಗ ಹಚ್ಚರಿ. ಕಾಯಿ ಬಿಟ್ಟ ದಿನ ಐದರದ್ದೂ ಮಿರ್ಚಿ ಕರದ ಕೊಡ್ತೀನಿ. ನೀವ ತಿನ್ನಬೇಕು. ಯಾವುದನ್ನ ತಿಂದು ಇನ್ನೊಂದು ಕೊಡು ಅಂತೀರಿ, ಅದು ನಂದು."

ಪಕ್ಕೀರವ್ವ ಐದೂ ಪೊಟ್ಟಣಗಳನ್ನು ಮೂಸಿ ನೋಡಿದಳು.

"ಬಾಜೂಕ ಮಜ್ಜಿಗಿ ಇಡ್ತಿ ಹೌದಿಲ್ಲೋ?"

"ಇಲ್ರಿ ಅಕ್ಕಾರ. ಮಜ್ಜಿಗಿ ಕುಡದ್ರ ಎಲ್ಲಾ ನಂದ ಆಗತಾವ."